ಬೇಕಲ ಕೋಟೆಗೆ ಹೊರಡುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಕರಾವಳಿಯ ಕೋಟೆಗಳ ಮಾತು ಬಂದಾಗಲೆಲ್ಲ ಬೇಕಲದ ಬಗ್ಗೆ ಒಂದಷ್ಟು ಪ್ರಶ್ನೆಗಳು ಎದುರಾಗುತ್ತವೆ. ಪತ್ರಗಳಲ್ಲಿ ಬಂದವು, ಮಾತಿನ ನಡುವೆ ಕೇಳಿದವು, ಹೋಗಿಬಂದವರು ಮತ್ತೆ ಕೇಳಿದವು ಎಲ್ಲವನ್ನೂ ಕೇಳಿದವರ ಮಾತಿನಲ್ಲೇ ಇಲ್ಲಿ ಸೇರಿಸಿದ್ದೇನೆ. ಮೊದಲು ದಾರಿ, ಟಿಕೆಟ್ಟಿನ ವಿಚಾರ, ಆಮೇಲೆ ಕೋಟೆಯೊಳಗಿನ ತಿರುಗಾಟ, ಕೊನೆಗೆ ಚರಿತ್ರೆ.

## ಹೊರಡುವ ಮುನ್ನ

ಬೇಕಲ ಕೋಟೆ ನಿಜಕ್ಕೂ ಎಲ್ಲಿದೆ? ಕರ್ನಾಟಕದಲ್ಲೋ ಕೇರಳದಲ್ಲೋ?

ಕೇರಳದ ಕಾಸರಗೋಡು ಜಿಲ್ಲೆಯಲ್ಲಿ, ಪಳ್ಳಿಕೆರೆ ಗ್ರಾಮದಲ್ಲಿದೆ. ಕಾಸರಗೋಡು ಪೇಟೆಯಿಂದ ದಕ್ಷಿಣಕ್ಕೆ ಸುಮಾರು 16 ಕಿಲೋಮೀಟರ್; ಕಾಞಂಗಾಡಿನಿಂದ ಉತ್ತರಕ್ಕೆ ಅದಕ್ಕಿಂತ ಸ್ವಲ್ಪ ಕಡಿಮೆ. ಮಂಗಳೂರಿನಿಂದ ಲೆಕ್ಕ ಹಾಕಿದರೆ ಅರವತ್ತೈದು ಕಿಲೋಮೀಟರಿನ ಆಸುಪಾಸು. ಅಂದರೆ ಕರಾವಳಿಯ ಕನ್ನಡಿಗರಿಗೆ ಬೆಳಿಗ್ಗೆ ಹೊರಟು ರಾತ್ರಿ ಊಟಕ್ಕೆ ಮನೆ ಸೇರುವಷ್ಟು ಹತ್ತಿರ. ರಾಜ್ಯ ಬೇರೆಯಾದರೂ ಕೋಟೆಯನ್ನು ಕಟ್ಟಿಸಿದವರು ಕನ್ನಡ ದೊರೆಗಳು. ಆ ಕಥೆ ಕೆಳಗೆ ಬರುತ್ತದೆ.

ಮಂಗಳೂರಿನಿಂದ ಬಸ್ಸಿನಲ್ಲಿ ಹೋಗುವುದು ಸುಲಭವೇ? ಕಾಸರಗೋಡಿನಲ್ಲಿ ಇಳಿದ ಮೇಲೆ ಯಾವ ಬಸ್ ಹತ್ತಬೇಕು?

ಮಂಗಳೂರಿನಿಂದ ಕಾಸರಗೋಡಿಗೆ ಎರಡೂ ರಾಜ್ಯಗಳ ಸರ್ಕಾರಿ ಬಸ್ಸುಗಳು ತಲಪಾಡಿ, ಮಂಜೇಶ್ವರ, ಉಪ್ಪಳ, ಕುಂಬಳೆ ದಾರಿಯಾಗಿ ದಿನವಿಡೀ ಓಡುತ್ತವೆ. ಗೊಂದಲ ಹುಟ್ಟುವುದು ಕಾಸರಗೋಡಿನಲ್ಲಿ. ಅಲ್ಲಿಂದ ಕಾಞಂಗಾಡಿಗೆ ಎರಡು ದಾರಿಗಳಿವೆ. ಒಂದು ಚಟ್ಟಂಚಾಲ್, ಪೊಯಿನಾಚಿ, ಪೆರಿಯ ಮೂಲಕ ಒಳನಾಡಿನಲ್ಲಿ ಸಾಗುವ ರಾಷ್ಟ್ರೀಯ ಹೆದ್ದಾರಿ 66. ಇನ್ನೊಂದು ಚಂದ್ರಗಿರಿ ಸೇತುವೆ ದಾಟಿ ಮೇಲ್ಪರಂಬ, ಉದುಮ, ಪಾಲಕುನ್ನು ಮೂಲಕ ಕಡಲ ಬದಿಯಲ್ಲೇ ಹೋಗುವ ರಸ್ತೆ. ಬೇಕಲ ಇರುವುದು ಈ ಎರಡನೆಯ ರಸ್ತೆಯಲ್ಲಿ. ಆದ್ದರಿಂದ ಬಸ್ ಹತ್ತುವಾಗ "ಕಾಞಂಗಾಡಿಗೆ ಹೋಗುತ್ತದೆಯೇ" ಎಂದು ಕೇಳಿದರೆ ಸಾಲದು, "ಚಂದ್ರಗಿರಿ ದಾರಿಯೇ" ಎಂದು ಕೇಳಿ. ಸ್ವಂತ ಕಾರಿನವರಿಗೂ ಇದೇ ಮಾತು: ಹೆದ್ದಾರಿ ಬಿಟ್ಟು ಕಡಲ ಬದಿಯ ರಸ್ತೆ ಹಿಡಿಯಿರಿ. ಚಂದ್ರಗಿರಿ ಸೇತುವೆಯ ಮೇಲಿಂದ ಹೊಳೆ ಕಡಲು ಸೇರುವ ನೋಟ ಸಿಗುತ್ತದೆ, ಅದೊಂದಕ್ಕೇ ಈ ದಾರಿ ಸಾರ್ಥಕ.

ರೈಲಿನಲ್ಲಿ ಬರುವುದಾದರೆ ಎಲ್ಲಿ ಇಳಿಯಬೇಕು?

ಬೇಕಲ ಕೋಟೆಯ ಹೆಸರಿನಲ್ಲೇ ಒಂದು ಸಣ್ಣ ನಿಲ್ದಾಣವಿದೆ, ಪಕ್ಕದಲ್ಲಿ ಕೋಟಿಕುಳಂ ಎಂಬ ಇನ್ನೊಂದು ನಿಲ್ದಾಣವಿದೆ. ಕೋಟೆಯ ಹೆಸರಿನ ನಿಲ್ದಾಣದಲ್ಲಿ ಹೆಚ್ಚಾಗಿ ಪ್ಯಾಸೆಂಜರ್ ರೈಲುಗಳು ನಿಲ್ಲುತ್ತವೆ. ಎಕ್ಸ್‌ಪ್ರೆಸ್ ರೈಲಿನಲ್ಲಿ ಬರುವವರು ಕಾಸರಗೋಡು ಅಥವಾ ಕಾಞಂಗಾಡಿನಲ್ಲಿ ಇಳಿದು ಬಸ್ಸನ್ನೋ ಆಟೋವನ್ನೋ ಹಿಡಿಯುವುದು ಒಳ್ಳೆಯದು. ಬೆಂಗಳೂರಿನಿಂದ ಮಂಗಳೂರು ಮಾರ್ಗವಾಗಿ ಕಣ್ಣೂರಿನ ಕಡೆಗೆ ಹೋಗುವ ರಾತ್ರಿ ರೈಲು ಈ ಎರಡೂ ಪೇಟೆಗಳಲ್ಲಿ ನಿಲ್ಲುತ್ತದೆ.

ಕೊಡಗಿನ ಕಡೆಯಿಂದ ಇಳಿಯಬಹುದೇ?

ಇಳಿಯಬಹುದು. ಮಡಿಕೇರಿಯಿಂದ ಭಾಗಮಂಡಲ, ಪಾಣತ್ತೂರು ಮೂಲಕ ಕಾಞಂಗಾಡಿಗೆ ಘಟ್ಟದ ದಾರಿಯಿದೆ. ಸುಳ್ಯದಿಂದ ಜಾಲ್ಸೂರು, ಚೆರ್ಕಳ ಮೂಲಕ ಕಾಸರಗೋಡಿಗೆ ಬರುವ ದಾರಿ ಇದಕ್ಕಿಂತ ಆರಾಮದ್ದು. ಮಳೆಗಾಲದಲ್ಲಿ ಭಾಗಮಂಡಲದ ದಾರಿಯನ್ನು ನಾನು ಯಾರಿಗೂ ಹೇಳುವುದಿಲ್ಲ.

ಟಿಕೆಟ್ ಎಷ್ಟು? ಎಷ್ಟು ಹೊತ್ತಿಗೆ ಬಾಗಿಲು ಹಾಕುತ್ತಾರೆ?

ಕೋಟೆ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಸಂರಕ್ಷಣೆಯಲ್ಲಿದೆ. ಭಾರತೀಯರಿಗೆ 25 ರೂಪಾಯಿ, ವಿದೇಶಿಯರಿಗೆ 300 ರೂಪಾಯಿ. ಆನ್‌ಲೈನ್‌ನಲ್ಲಿ ತೆಗೆದುಕೊಂಡರೆ ಸ್ವಲ್ಪ ಕಡಿಮೆ. ಹದಿನೈದು ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಬೇಡ. ಬೆಳಿಗ್ಗೆ 8ಕ್ಕೆ ಬಾಗಿಲು ತೆರೆಯುತ್ತದೆ, ಸಂಜೆ ಐದೂವರೆಯ ಸುಮಾರಿಗೆ ಒಳಗೆ ಬಿಡುವುದನ್ನು ನಿಲ್ಲಿಸುತ್ತಾರೆ. ಐದು ಗಂಟೆಗೆ ಓಡೋಡಿ ಬಂದು "ಒಂದು ಸುತ್ತು ಹಾಕಿಬಿಡೋಣ" ಎನ್ನುವವರನ್ನು ಕಂಡರೆ ನನಗೆ ನಿಜಕ್ಕೂ ಬೇಸರವಾಗುತ್ತದೆ. ಈ ಕೋಟೆ ಒಂದು ಸುತ್ತಿಗೆ ಮುಗಿಯುವಂಥದ್ದಲ್ಲ.

ಯಾವ ತಿಂಗಳು ಒಳ್ಳೆಯದು? ಮಳೆಗಾಲದಲ್ಲಿ ಚೆನ್ನಾಗಿರುತ್ತದೆ ಎನ್ನುತ್ತಾರೆ, ಹೌದೇ?

ಹೆಚ್ಚಿನವರಿಗೆ ನವೆಂಬರಿನಿಂದ ಫೆಬ್ರುವರಿವರೆಗೆ ಹಿತ. ಆಕಾಶ ತಿಳಿಯಾಗಿರುತ್ತದೆ, ಬೆಳಗಿನ ಹೊತ್ತು ಘಟ್ಟದ ಕಡೆಯಿಂದ ತಣ್ಣನೆಯ ಗಾಳಿ ಬೀಸುತ್ತದೆ. ಮಾರ್ಚಿನಿಂದ ಮೇ ತಿಂಗಳವರೆಗೆ ಸೆಕೆ ಜಾಸ್ತಿ. ಆ ದಿನಗಳಲ್ಲಿ ಬೆಳಿಗ್ಗೆ ಬಾಗಿಲು ತೆರೆಯುವಾಗಲೇ ಒಳಗಿರಬೇಕು, ಹನ್ನೊಂದಕ್ಕೆಲ್ಲ ಹೊರಬೀಳಬೇಕು. ನಲವತ್ತು ಎಕರೆಯ ಬಯಲಿನಲ್ಲಿ ನೆರಳು ಅಲ್ಲೊಂದು ಇಲ್ಲೊಂದು ಮಾತ್ರ.

ಮಳೆಗಾಲದ ವಿಚಾರ ಬೇರೆಯೇ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೈಋತ್ಯ ಮಾರುತ ನೇರವಾಗಿ ಈ ಗೋಡೆಗಳಿಗೇ ಬಂದು ಬಡಿಯುತ್ತದೆ. ಕೋಟೆ ಯಾಕೆ ಇಲ್ಲಿದೆ, ಗೋಡೆ ಯಾಕೆ ಇಷ್ಟು ದಪ್ಪ ಎಂಬುದು ಕಣ್ಣಿಗೆ ಕಟ್ಟುವುದು ಆಗಲೇ. ಬೇಸಿಗೆಯಲ್ಲಿ ಕಪ್ಪಗೆ ಒಣಗಿ ನಿಂತ ಕಲ್ಲಿನ ಮೇಲೆಲ್ಲ ಪಾಚಿ, ಜರಿಗಿಡಗಳ ಹಸಿರು. ಆದರೆ ಆ ಪಾಚಿಯೇ ಅಪಾಯ. ಮೆಟ್ಟಿಲುಗಳು, ಬುರುಜಿಗೆ ಏರುವ ಇಳಿಜಾರುಗಳು ಜಾರುತ್ತವೆ. ಕಡಲ ಬದಿಯ ಗೋಡೆಯ ಮೇಲೆ ಎಲ್ಲ ಕಡೆಯೂ ಕಟಕಟೆ ಇಲ್ಲ. ಗುಡುಗು ಕೇಳಿಸಿದರೆ ಗೋಪುರದಿಂದ ತಕ್ಷಣ ಇಳಿಯಿರಿ, ಸುತ್ತಲಿನ ಬಯಲಿನಲ್ಲಿ ಅದಕ್ಕಿಂತ ಎತ್ತರದ್ದು ಯಾವುದೂ ಇಲ್ಲ. ಕೊಡೆ ಆ ಗಾಳಿಗೆ ನಿಲ್ಲುವುದಿಲ್ಲ, ರೇನ್‌ಕೋಟ್ ಇರಲಿ. ನನ್ನ ಆಯ್ಕೆ ಕೇಳಿದರೆ, ಮಳೆ ಹಿಂದೆ ಸರಿಯುವ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲು. ಹಸಿರು ಇನ್ನೂ ಇರುತ್ತದೆ, ನೆಲ ಒಣಗುತ್ತಾ ಬಂದಿರುತ್ತದೆ.

ಅಪ್ಪ ಅಮ್ಮನಿಗೆ ಮಂಡಿನೋವು. ಅವರನ್ನು ಕರೆದುಕೊಂಡು ಹೋಗಬಹುದೇ?

ಧೈರ್ಯವಾಗಿ ಕರೆದುಕೊಂಡು ಹೋಗಿ. ಬಾಗಿಲು ದಾಟಿದ ಮೇಲೆ ಒಳಗಿನ ನೆಲ ಬಹುಪಾಲು ಸಮತಟ್ಟು, ನಡೆಯಲು ಹಾದಿಯಿದೆ. ನಡುವಿನ ಗೋಪುರಕ್ಕೂ ಕಡಿದಾದ ಮೆಟ್ಟಿಲಿಲ್ಲ, ಅಗಲವಾದ ಇಳಿಜಾರು ದಾರಿ ಇದೆ, ನಿಧಾನವಾಗಿ ಏರಬಹುದು. ಕಷ್ಟವಾಗುವುದು ಕೆರೆಯ ಮೆಟ್ಟಿಲು ಮತ್ತು ಕಡಲ ಬದಿಗೆ ಇಳಿಯುವ ಜಾಗ. ಅವರಿಗೆ ಆ ಎರಡನ್ನು ಬಿಟ್ಟುಬಿಡಿ. ನೀರು ಮತ್ತು ಟೋಪಿ ಮರೆಯಬೇಡಿ.

ಎಷ್ಟು ಹೊತ್ತು ಬೇಕು?

ಗೋಡೆಯ ಗುಂಟ ಪೂರ್ತಿ ಸುತ್ತಿ, ಗೋಪುರ ಏರಿ, ಕೆರೆ ನೋಡಿ, ಎರಡು ಕಡೆ ಕುಳಿತುಕೊಳ್ಳಲು ಎರಡೂವರೆಯಿಂದ ಮೂರು ಗಂಟೆ. ಅರ್ಧ ಗಂಟೆಯಲ್ಲಿ ಗೋಪುರ ಮಾತ್ರ ನೋಡಿ ಬಂದವರು "ಏನೂ ಇಲ್ಲ" ಎಂದು ಹೇಳುವುದನ್ನು ಕೇಳಿದ್ದೇನೆ. ಅವರು ನೋಡಬೇಕಾದದ್ದನ್ನು ನೋಡಿಲ್ಲ.

## ಕೋಟೆಯ ಒಳಗೆ

ಒಳಗೆ ಅರಮನೆ, ದರ್ಬಾರು ಏನೂ ಇಲ್ಲವಂತಲ್ಲ. ಬರೀ ಹುಲ್ಲುಗಾವಲಿನಲ್ಲಿ ನೋಡುವುದಾದರೂ ಏನು?

ಇದು ನನಗೆ ಅತಿ ಹೆಚ್ಚು ಎದುರಾಗುವ ಪ್ರಶ್ನೆ. ಉತ್ತರವನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ.

ಬೇಕಲ ರಾಜರು ವಾಸ ಮಾಡಲು ಕಟ್ಟಿದ ಕೋಟೆಯಲ್ಲ. ಇದು ಕಡಲನ್ನು ಕಾಯಲು, ದಕ್ಷಿಣದ ಗಡಿಯನ್ನು ಹಿಡಿದಿಡಲು ಕಟ್ಟಿದ ಸೇನಾ ಠಾಣೆ. ಇಲ್ಲಿ ಕೆತ್ತನೆಯ ಕಂಬಗಳನ್ನು ಹುಡುಕಿದರೆ ಸಿಗುವುದಿಲ್ಲ. ಇಡೀ ಕೋಟೆಯೇ ಒಂದು ಆಯುಧ ಎಂದುಕೊಂಡು ನೋಡಿದರೆ ಹೆಜ್ಜೆಹೆಜ್ಜೆಗೂ ಏನಾದರೊಂದು ಸಿಗುತ್ತದೆ.

ಬಾಗಿಲಿನಿಂದಲೇ ಶುರು ಮಾಡಿ. ದಾರಿ ನೇರವಾಗಿ ಒಳಗೆ ಹೋಗುವುದಿಲ್ಲ, ತಿರುಗಿ ತಿರುಗಿ ಹೋಗುತ್ತದೆ. ಶತ್ರುವಿನ ಆನೆಗೋ ದಂಡಿಗೋ ಓಡಿಬಂದು ಬಾಗಿಲಿಗೆ ಅಪ್ಪಳಿಸಲು ಜಾಗ ಸಿಗಬಾರದು, ತಿರುವಿನಲ್ಲಿ ಅವರ ಪಕ್ಕೆ ಗೋಡೆಯ ಮೇಲಿನವರ ಗುರಿಗೆ ಸಿಗಬೇಕು ಎಂಬ ಲೆಕ್ಕಾಚಾರ ಅದು. ನೆಲದ ಕಡೆಯಲ್ಲಿ ಕಂದಕ ತೋಡಿದ್ದಾರೆ. ಉಳಿದ ಬಹುಭಾಗದಲ್ಲಿ ಕಡಲೇ ಕಂದಕ.

ಒಳಗೆ ಬಂದ ಮೇಲೆ ಮೆಟ್ಟಿಲುಗಳಿರುವ ಕೆರೆಯ ಬಳಿ ನಿಲ್ಲಿ. ಮೂರು ಕಡೆ ಉಪ್ಪುನೀರು ಇರುವ ಜಾಗದಲ್ಲಿ ಮುತ್ತಿಗೆ ಬಿದ್ದರೆ ಮೊದಲು ಬತ್ತುವುದು ಕುಡಿಯುವ ನೀರು. ಕೋಟೆ ಎಷ್ಟು ದಿನ ತಡೆದುಕೊಳ್ಳಬಲ್ಲದು ಎಂಬುದನ್ನು ಫಿರಂಗಿಗಳಿಗಿಂತ ಮೊದಲು ಈ ಕೆರೆ ತೀರ್ಮಾನಿಸುತ್ತಿತ್ತು. ಮದ್ದಿನಮನೆಯನ್ನು ಗೋಡೆಯಿಂದ ದೂರವಾಗಿ, ಒಂಟಿಯಾಗಿ ಕಟ್ಟಿದ್ದಾರೆ. ಕಿಡಿ ಬಿದ್ದರೆ ಅದೊಂದೇ ಹೋಗಲಿ ಎಂದು.

ನಡುವಿನ ವೀಕ್ಷಣಾ ಗೋಪುರ ಟಿಪ್ಪುವಿನ ಕಾಲದ್ದೆಂದು ಹೇಳುತ್ತಾರೆ. ಅದರ ಇಳಿಜಾರು ಅಷ್ಟು ಅಗಲವಾಗಿರುವುದನ್ನು ಗಮನಿಸಿ. ಬರೀ ಕಾವಲುಗಾರ ಏರುವುದಕ್ಕಾದರೆ ಕಿರಿದಾದ ಮೆಟ್ಟಿಲು ಸಾಕಿತ್ತು. ಇಲ್ಲಿ ಭಾರವಾದದ್ದನ್ನು ಎಳೆದು ಮೇಲೆ ಒಯ್ಯಬಹುದು. ಮೇಲಿನಿಂದ ನೋಡಿದರೆ ಉತ್ತರಕ್ಕೆ ಕೋಟಿಕುಳಂ, ಉದುಮದ ಕಡೆಯ ಕರಾವಳಿ, ದಕ್ಷಿಣಕ್ಕೆ ಪಳ್ಳಿಕೆರೆಯ ಮರಳದಂಡೆ ಮತ್ತು ಕಾಞಂಗಾಡಿನ ದಿಕ್ಕು, ಪೂರ್ವಕ್ಕೆ ತೆಂಗಿನ ತೋಟಗಳಾಚೆ ಗುಡ್ಡಗಳು. ಯಾವ ಹಡಗೂ ಯಾವ ದಂಡೂ ಇಲ್ಲಿನ ಕಣ್ಣು ತಪ್ಪಿಸಿ ಬರುವಂತಿರಲಿಲ್ಲ.

ಕೊನೆಗೆ ಕಡಲೊಳಗೆ ಚಾಚಿಕೊಂಡಿರುವ ಬುರುಜಿಗೆ ಹೋಗಿ. ಅಲ್ಲಿ ಮಾತಾಡದೆ ಸ್ವಲ್ಪ ಹೊತ್ತು ಕುಳಿತುಕೊಳ್ಳಿ ಎಂದು ನಾನು ಕರೆದುಕೊಂಡು ಹೋದವರಿಗೆಲ್ಲ ಹೇಳುತ್ತೇನೆ. ಸಂಬಳಕ್ಕೆ ಬಂದ ಯಾವನೋ ಕಾವಲಿನವನು ಆಷಾಢದ ರಾತ್ರಿಗಳಲ್ಲಿ ಇದೇ ಜಾಗದಲ್ಲಿ ಕುಳಿತಿರುತ್ತಿದ್ದ.

ಗೋಡೆಯಲ್ಲಿ ಮೂರು ಸಾಲು ತೂತುಗಳಿವೆ. ಒಂದೊಂದು ಒಂದೊಂದು ಓರೆಯಲ್ಲಿ ಏಕಿವೆ?

ಮಕ್ಕಳು ಜತೆಗಿದ್ದರೆ ಇಲ್ಲಿಂದ ಹೊರಡಲು ಒಪ್ಪುವುದಿಲ್ಲ. ಅವು ಕೋವಿಕಿಂಡಿಗಳು. ಮೇಲಿನ ಕಿಂಡಿಗೆ ಕಣ್ಣಿಟ್ಟರೆ ದೂರದ ನೆಲ ಅಥವಾ ನೀರು ಕಾಣುತ್ತದೆ. ಅದರ ಕೆಳಗಿನದರಲ್ಲಿ ಅದಕ್ಕಿಂತ ಹತ್ತಿರದ ಜಾಗ. ಎಲ್ಲಕ್ಕಿಂತ ಕೆಳಗಿನದು ಗೋಡೆಯ ಬುಡದ ಹತ್ತಿರವೇ ತೆರೆದುಕೊಳ್ಳುತ್ತದೆ. ಶತ್ರು ದೂರದಲ್ಲಿದ್ದಾಗ ಮೊದಲನೆಯದರಿಂದ, ಮುನ್ನುಗ್ಗಿದಾಗ ಎರಡನೆಯದರಿಂದ, ಗೋಡೆಗೆ ಏಣಿ ಹಾಕುವಷ್ಟು ಹತ್ತಿರ ಬಂದಾಗ ಮೂರನೆಯದರಿಂದ ಗುಂಡು ಹಾರಿಸಬಹುದು. ಕಾವಲಿನವನು ಗೋಡೆಯ ಮೇಲೆ ತಲೆ ಹೊರಹಾಕಿ ಬಗ್ಗಿ ನೋಡುವ ಅಗತ್ಯವೇ ಇಲ್ಲ. ಒಂದು ಕಡೆ ನಿಂತು ಮೂರರಲ್ಲೂ ಇಣುಕಿ ನೋಡಿ. ಮೂರು ನೋಟಗಳೂ ಸೇರಿದಾಗ ಕಣ್ಣಿಗೆ ತಪ್ಪುವ ನೆಲ ಎಷ್ಟು ಕಡಿಮೆ ಎಂಬುದು ಅರ್ಥವಾಗುತ್ತದೆ. ಕಟ್ಟಿದ ಮೇಸ್ತ್ರಿಗಳು ಕಲ್ಲನ್ನು ಓರೆಯಾಗಿ ಕೊರೆಯುವ ಮೊದಲೇ ಈ ಲೆಕ್ಕವನ್ನೆಲ್ಲ ಮಾಡಿಟ್ಟಿದ್ದರು ಎಂಬುದು ನನಗೆ ಇಂದಿಗೂ ಬೆರಗಿನ ಸಂಗತಿ.

ಕಿಂಡಿಗಳಲ್ಲಿ ಪ್ಲಾಸ್ಟಿಕ್ ಬಾಟಲಿ, ಚಿಪ್ಸ್ ಪೊಟ್ಟಣ ತುರುಕಿದ್ದು ಕಂಡರೆ ದಯವಿಟ್ಟು ಹೊರಗೆ ತೆಗೆಯಿರಿ.

ಸುರಂಗದೊಳಗೆ ಹೋಗಬಹುದೇ? ಅದು ಎಲ್ಲಿಗೆ ಹೋಗುತ್ತದೆ?

ದಕ್ಷಿಣದ ಕಡೆಗೆ ತೆರೆದುಕೊಳ್ಳುವ ಸುರಂಗದ ಬಾಯಿಯನ್ನು ನೋಡಬಹುದು. ಒಳಗೆ ನುಗ್ಗಬೇಡಿ, ಕತ್ತಲು, ಬಾವಲಿ, ಹಾವು, ಸಡಿಲ ಕಲ್ಲು ಎಲ್ಲವೂ ಇರುವ ಜಾಗ. ಅದು ಮೈಲುಗಟ್ಟಲೆ ದೂರದ ಇನ್ನೊಂದು ಕೋಟೆಗೆ ಹೋಗುತ್ತದೆ ಎಂಬ ಕಥೆಯನ್ನು ಸ್ಥಳದಲ್ಲಿ ಕೇಳುತ್ತೀರಿ. ಇಂಥ ಕಥೆ ನಮ್ಮ ನಾಡಿನ ಬಹುತೇಕ ಎಲ್ಲ ಕೋಟೆಗಳಿಗೂ ಇದೆ. ಆಪತ್ತಿನಲ್ಲಿ ಗೋಡೆಯ ಹೊರಗೆ ದಾಟಿಕೊಳ್ಳಲು ಇಂಥ ಕಳ್ಳದಾರಿ ಬೇಕಾಗುತ್ತದೆ. ಅದಕ್ಕೆ ಮೈಲುಗಟ್ಟಲೆ ಉದ್ದ ಬೇಕಿಲ್ಲ.

ಕೋಟೆಯ ಮೇಲಿಂದ ಸೂರ್ಯಾಸ್ತ ನೋಡಬೇಕೆಂದು ಆಸೆ. ಎಲ್ಲಿ ನಿಲ್ಲಬೇಕು?

ಈ ಭಾಗದಲ್ಲಿ ಸೂರ್ಯ ಮುಳುಗುವುದು ನವೆಂಬರಿನಲ್ಲಿ ಆರು ಗಂಟೆಯ ಸುಮಾರಿಗೆ, ಜೂನ್ ಕೊನೆಯಲ್ಲಿ ಏಳಕ್ಕೆ ಸ್ವಲ್ಪ ಮೊದಲು. ಅಂದರೆ ವರ್ಷದ ಬಹುಭಾಗ ಸೂರ್ಯ ಮುಳುಗುವ ಹೊತ್ತಿಗೆ ಕಾವಲುಗಾರರು ಸೀಟಿ ಊದಿ ಎಲ್ಲರನ್ನೂ ಹೊರಗೆ ಕಳುಹಿಸುತ್ತಿರುತ್ತಾರೆ. ಹಾಗಾಗಿ ಮೂರು ಗಂಟೆಗೆ ಕೋಟೆಯೊಳಗೆ ಹೋಗಿ, ಇಳಿಬಿಸಿಲಿನಲ್ಲಿ ಕೆಂಪೇರುವ ಗೋಡೆಗಳನ್ನು ನೋಡಿ, ಬಾಗಿಲು ಹಾಕುವ ಮೊದಲು ಹೊರಬಂದು ಪಕ್ಕದ ಪಳ್ಳಿಕೆರೆ ಕಡಲತೀರಕ್ಕೆ ನಡೆಯಿರಿ. ಅಲ್ಲಿಂದ ಸೂರ್ಯನೂ ಕೋಟೆಯೂ ಒಂದೇ ನೋಟದಲ್ಲಿ ಸಿಗುತ್ತವೆ. ಕೋಟೆಯ ಮೇಲೆ ನಿಂತವನಿಗೆ ಕೋಟೆ ಕಾಣುವುದಿಲ್ಲವಲ್ಲ.

ಕೆಳಗಿನ ಬಂಡೆಗಳಿಗೆ ಇಳಿಯಬಹುದೇ? ಈಜಬಹುದೇ?

ಬಂಡೆಗಳ ಮೇಲೆ ಬೇಡ. ಕಡಲು ದಿನಕ್ಕೆ ಎರಡು ಬಾರಿ ಏರುತ್ತದೆ, ಎರಡು ಬಾರಿ ಇಳಿಯುತ್ತದೆ; ಇಳಿತದ ಹೊತ್ತಿನಲ್ಲಿ ಒಣಗಿ ಕಂಡ ಕಲ್ಲು ಸ್ವಲ್ಪ ಹೊತ್ತಿಗೆಲ್ಲ ನೀರಿನೊಳಗಿರುತ್ತದೆ. ಸೆಲ್ಫಿಗೆಂದು ಬೆನ್ನು ತಿರುಗಿಸಿದವರನ್ನು ಒಂದು ದೊಡ್ಡ ಅಲೆ ಎಳೆದುಕೊಂಡರೆ ಮೇಲಿನಿಂದ ಯಾರೂ ಏನೂ ಮಾಡಲಾಗುವುದಿಲ್ಲ. ನೀರಿಗೆ ಇಳಿಯಲೇಬೇಕೆಂದರೆ ಪಳ್ಳಿಕೆರೆ ತೀರಕ್ಕೆ ಹೋಗಿ, ಕಾವಲಿನವರು ತೋರಿಸಿದ ಜಾಗದಲ್ಲಿ ಮಾತ್ರ ಇಳಿಯಿರಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಾಲು ತೋಯಿಸುವುದೂ ಬೇಡ. ಕೇರಳದಲ್ಲಿ ಜೂನ್ ಎರಡನೆಯ ವಾರದಿಂದ ಜುಲೈ 31ರವರೆಗೆ 52 ದಿನ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುತ್ತದೆ. ಮೀನುಗಳ ಸಂತಾನಕ್ಕಾಗಿ ಮಾಡಿದ ನಿಯಮವದು. ಆ ದಿನಗಳ ಕಡಲು ಹೇಗಿರುತ್ತದೆ ಎಂಬುದನ್ನು ದಡಕ್ಕೆ ಎಳೆದಿಟ್ಟ ದೋಣಿಗಳನ್ನು ನೋಡಿಯೇ ತಿಳಿಯಬಹುದು.

ಡ್ರೋನ್ ಹಾರಿಸಬಹುದೇ? ಮದುವೆಗೆ ಮುಂಚಿನ ಫೋಟೊ ತೆಗೆಸಿಕೊಳ್ಳಬಹುದೇ?

ಮೊಬೈಲಿನಲ್ಲೋ ಕ್ಯಾಮೆರಾದಲ್ಲೋ ಸ್ವಂತಕ್ಕೆ ಫೋಟೊ ತೆಗೆಯಲು ತೊಂದರೆಯಿಲ್ಲ. ಡ್ರೋನಿಗೆ, ಸ್ಟ್ಯಾಂಡು ದೀಪಗಳನ್ನು ಹೂಡುವ ಚಿತ್ರೀಕರಣಕ್ಕೆ ಮುಂಚಿತವಾಗಿ ಪುರಾತತ್ವ ಇಲಾಖೆಯ ಅನುಮತಿ ಬೇಕು. ಆಕಾಶದಿಂದ ಕೋಟೆ ಬೀಗದ ಕಿಂಡಿಯ ಹಾಗೆ ಕಾಣುತ್ತದೆ ಎಂದು ಎಲ್ಲರಿಗೂ ಆ ಚಿತ್ರ ಬೇಕು. ಉಪಗ್ರಹ ನಕ್ಷೆಯಲ್ಲಿ ಅದು ಪುಕ್ಕಟೆಯಾಗಿ ಸಿಗುತ್ತದೆ.

ಬಾಗಿಲ ಬಳಿಯ ದೇವಸ್ಥಾನ ಯಾವುದು? ಒಳಗೆ ಹೋಗಬಹುದೇ?

ಆಂಜನೇಯನ ಗುಡಿ. ಊರವರು ಮುಖ್ಯಪ್ರಾಣ ಎನ್ನುತ್ತಾರೆ. ಈಗಲೂ ಪೂಜೆ ನಡೆಯುತ್ತದೆ, ಭಕ್ತರು ಹೋಗಬಹುದು. ಹತ್ತಿರದಲ್ಲೇ ಟಿಪ್ಪುವಿನ ಕಾಲದ್ದೆಂದು ಹೇಳುವ ಮಸೀದಿಯೂ ಇದೆ. ಕುಂಬಳೆಯ ಬಳಿಯ ಆರಿಕ್ಕಾಡಿ, ಬೋವಿಕಾನದ ಬಳಿಯ ಪೊವ್ವಲ್ ಕೋಟೆಗಳಿಗೂ ಹನುಮನ ಗುಡಿ ಜತೆಗಿದೆ.

## ಚರಿತ್ರೆಯನ್ನು ಕೆದಕುವವರಿಗೆ

ಇದು ಟಿಪ್ಪು ಸುಲ್ತಾನನ ಕೋಟೆ ಅಲ್ಲವೇ?

ಟಿಪ್ಪು ಬಳಸಿದ ಕೋಟೆ, ಕಟ್ಟಿಸಿದ ಕೋಟೆಯಲ್ಲ. ಕಟ್ಟಿಸಿದವನು ಕೆಳದಿಯ ಶಿವಪ್ಪ ನಾಯಕ, ಸುಮಾರು 1650ರಲ್ಲಿ ಎಂಬುದು ಸಾಮಾನ್ಯವಾಗಿ ಒಪ್ಪಿರುವ ಮಾತು. ಅವನಿಗಿಂತ ಮುಂಚೆ ಹಿರಿಯ ವೆಂಕಟಪ್ಪ ನಾಯಕನ ಕಾಲದಲ್ಲೇ ಕೆಲಸ ಶುರುವಾಗಿತ್ತು, ಶಿವಪ್ಪ ನಾಯಕ ಪೂರ್ಣಗೊಳಿಸಿದ ಎನ್ನುವವರೂ ಇದ್ದಾರೆ. 1763ರಲ್ಲಿ ಹೈದರಾಲಿ ಕೆಳದಿಯ ರಾಜಧಾನಿ ಬಿದನೂರನ್ನು ವಶಪಡಿಸಿಕೊಂಡಾಗ ಕೆಳದಿಯವರ ಕರಾವಳಿಯ ಕೋಟೆಗಳೆಲ್ಲ ಮೈಸೂರಿನ ಪಾಲಾದವು. ಟಿಪ್ಪುವಿನ ಮಲಬಾರ್ ದಂಡಯಾತ್ರೆಗಳಿಗೆ ಬೇಕಲ ಮುಖ್ಯ ಠಾಣೆಯಾಯಿತು. 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಟಿಪ್ಪು ಮಲಬಾರನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಡಬೇಕಾಯಿತು. ಕೆನರಾ, ಅಂದರೆ ಕನ್ನಡ ಕರಾವಳಿ, ಅವನಲ್ಲೇ ಉಳಿಯಿತು. ಆಗ ಬೇಕಲ ಇದ್ದಕ್ಕಿದ್ದ ಹಾಗೆ ಗಡಿಯ ಹತ್ತಿರದ ಕೋಟೆಯಾಯಿತು. 1799ರಲ್ಲಿ ಟಿಪ್ಪು ಮಡಿದ ಮೇಲೆ ಅದೂ ಕಂಪನಿಯ ಕೈಗೆ ಹೋಯಿತು.

ಯಾರ ಕೋಟೆ ಎಂದು ಜಗಳವಾಡುವುದರಲ್ಲಿ ನನಗೆ ಆಸಕ್ತಿಯಿಲ್ಲ. ಆದರೆ ಕೆಳದಿಯವರ ಹೆಸರನ್ನೇ ಕೇಳದೆ ಬೇಕಲ ನೋಡಿ ಬರುವ ಕನ್ನಡಿಗರನ್ನು ಕಂಡಾಗ ಸಂಕಟವಾಗುತ್ತದೆ.

ಕೆಳದಿ ಇರುವುದು ಮಲೆನಾಡಿನಲ್ಲಿ. ಅವರಿಗೆ ಅಷ್ಟು ದೂರದ ಕಡಲ ದಂಡೆಯ ಕೋಟೆ ಏಕೆ ಬೇಕಿತ್ತು?

ಹಣಕ್ಕೆ. ಕೆಳದಿಯ ರಾಜಧಾನಿ ಮೊದಲು ಕೆಳದಿ, ಆಮೇಲೆ ಇಕ್ಕೇರಿ, ಕೊನೆಗೆ ಬಿದನೂರು. ಮೂರೂ ಮಳೆಕಾಡಿನ ನಡುವೆ. ಆದರೆ ಅವರ ಬೊಕ್ಕಸ ತುಂಬುತ್ತಿದ್ದದ್ದು ಕರಿಮೆಣಸಿನಿಂದ, ಕರಾವಳಿಯ ಅಕ್ಕಿಯಿಂದ. ಇವೆರಡೂ ಹಣವಾಗಬೇಕಾದರೆ ಘಟ್ಟ ಇಳಿದು ಬಂದರು ಸೇರಬೇಕು, ಹಡಗು ಹತ್ತಬೇಕು. ಬಂದರು ಯಾರ ಕೈಯಲ್ಲಿದೆಯೋ ಸುಂಕ ಅವರದು. 1565ರ ತಾಳಿಕೋಟೆ ಯುದ್ಧದ ಬಳಿಕ ವಿಜಯನಗರದ ಹಿಡಿತ ಸಡಿಲವಾದಾಗ ಕರಾವಳಿಗೆ ಇಳಿದ ಕೆಳದಿಯವರಿಗೆ ಉತ್ತರದಲ್ಲಿ ಪೋರ್ಚುಗೀಸರು ಎದುರಾದರು, ದಕ್ಷಿಣದಲ್ಲಿ ಉತ್ತರ ಮಲಬಾರಿನ ಕೋಲತ್ತಿರಿ ಅರಸರು. 1650ರ ದಶಕದಲ್ಲಿ ಶಿವಪ್ಪ ನಾಯಕ ಹೊನ್ನಾವರ, ಬಸರೂರು, ಗಂಗೊಳ್ಳಿಯ ಕಡೆಯ ಪೋರ್ಚುಗೀಸ್ ನೆಲೆಗಳನ್ನು ಕಿತ್ತುಕೊಂಡ. ಬೇಕಲವನ್ನು ಆ ಹೋರಾಟದ ದಕ್ಷಿಣದ ತುದಿ ಎಂದು ನೋಡಬೇಕು. ಹೊಲಗದ್ದೆಗಳನ್ನು ಅಳೆಸಿ ಕಂದಾಯ ನಿಗದಿ ಮಾಡಿದ "ಶಿಸ್ತು" ಅದೇ ಶಿವಪ್ಪ ನಾಯಕನದು. ಗದ್ದೆಯ ಲೆಕ್ಕ ಇಟ್ಟವನು ಕಡಲಿನ ಲೆಕ್ಕ ಬಿಡುತ್ತಾನೆಯೇ?

ಕೋಟೆ ಕಾಯಲು ಬಂದ ಸೈನಿಕರ ಸಂತತಿ ಇಂದಿಗೂ ಇಲ್ಲೇ ಇದೆ. ಬೇಕಲ, ಕಾಞಂಗಾಡಿನ ಹೊಸದುರ್ಗದ ಸುತ್ತಮುತ್ತಲಿನ ರಾಮಕ್ಷತ್ರಿಯ ಕುಟುಂಬಗಳು, ಅಂದರೆ ಕೋಟೆಯವರು, ಕೆಳದಿಯ ಕಾಲದಲ್ಲಿ ಬಂದವರೆಂದು ತಮ್ಮ ಮನೆತನದ ನೆನಪನ್ನು ಹೇಳುತ್ತಾರೆ. ಮಲಯಾಳದ ನಡುವೆ ಕನ್ನಡ ಮಾತಾಡುವ ಮನೆಗಳು ಅವು.

ಮುರಕಲ್ಲು ಮೃದುವಲ್ಲವೇ? ಉಪ್ಪುಗಾಳಿಗೆ ಇಷ್ಟು ವರ್ಷ ಹೇಗೆ ಉಳಿಯಿತು?

ಮುರಕಲ್ಲು, ಅಂದರೆ ಜಂಬಿಟ್ಟಿಗೆ, ಇಲ್ಲಿನ ಮಳೆಯೇ ಮಾಡಿದ ಕಲ್ಲು. ಲಕ್ಷಾಂತರ ವರ್ಷಗಳ ಮಳೆನೀರು ಬಂಡೆಯಿಂದ ಸಿಲಿಕಾವನ್ನು ತೊಳೆದುಕೊಂಡು ಹೋಗುತ್ತದೆ. ಕಬ್ಬಿಣ ಮತ್ತು ಅಲ್ಯೂಮಿನಿಯಂ ಅಂಶ ಉಳಿದು ತೂತುತೂತಾದ ಕೆಂಪು ಕಲ್ಲಾಗುತ್ತದೆ. ನೆಲದೊಳಗೆ ಹಸಿಯಾಗಿದ್ದಾಗ ಕೊಡಲಿಯಂಥ ಉಪಕರಣದಿಂದಲೇ ಕಡಿದು ತೆಗೆಯಬಹುದು. ಗಾಳಿ ಬಿಸಿಲಿಗೆ ಒಣಗಿದ ಮೇಲೆ ಗಟ್ಟಿಯಾಗುತ್ತದೆ. ಕೋಟೆ ಕಟ್ಟುವವರಿಗೆ ಇದಕ್ಕಿಂತ ಅನುಕೂಲ ಬೇರೆ ಬೇಕೇ? ಚಿತ್ರದುರ್ಗದವರು ಕಣಶಿಲೆಯನ್ನು ಸೀಳಿ ಸಾಗಿಸಬೇಕಿತ್ತು. ಇಲ್ಲಿ ಕಾಲ ಕೆಳಗಿನ ನೆಲವನ್ನೇ ಕಡಿದು ಮೇಲಕ್ಕೆ ಪೇರಿಸಿದರು.

ಯುದ್ಧದಲ್ಲೂ ಇದಕ್ಕೆ ಬೇರೆಯದೇ ಗುಣವಿದೆ. ಗಡಸು ಕಲ್ಲು ಫಿರಂಗಿ ಗುಂಡಿಗೆ ಸಿಡಿದು ಚೂರಾಗುತ್ತದೆ. ಮುರಕಲ್ಲು ಮತ್ತು ಮಣ್ಣಿನ ದಪ್ಪ ಗೋಡೆ ಹೊಡೆತವನ್ನು ನುಂಗಿಕೊಳ್ಳುತ್ತದೆ.

ಈ ಗೋಡೆಗಳ ನಿಜವಾದ ಶತ್ರು ಬೇರು. ಹಕ್ಕಿ ಹಾಕಿದ ಅಶ್ವತ್ಥದ ಬೀಜ ಸಂದಿಯಲ್ಲಿ ಮೊಳೆತು, ಬೇರು ದಪ್ಪವಾಗುತ್ತಾ ಕಲ್ಲುಗಳನ್ನು ಒಂದರಿಂದೊಂದು ಬೇರೆ ಮಾಡುತ್ತದೆ. ಆ ಸಂದಿಯಲ್ಲಿ ಮಳೆನೀರು ಇಳಿದು ಗೋಡೆ ಉಬ್ಬುತ್ತದೆ, ಕೊನೆಗೆ ಜರಿಯುತ್ತದೆ. ವರ್ಷವರ್ಷವೂ ಗಿಡ ಕೀಳುವ, ನೀರು ಹರಿಯುವ ದಾರಿ ಬಿಡಿಸುವ ಕೆಲಸಗಾರರಿಲ್ಲದಿದ್ದರೆ ಬೇಕಲ ಇಂದಿನಂತೆ ನಿಂತಿರುತ್ತಿರಲಿಲ್ಲ. ಅವರು ಕೆಲಸ ಮಾಡುತ್ತಿರುವುದು ಕಂಡರೆ ಒಂದು ಒಳ್ಳೆಯ ಮಾತಾಡಿ.

ಉತ್ಖನನದಲ್ಲಿ ಏನಾದರೂ ಸಿಕ್ಕಿತೇ?

ಪುರಾತತ್ವ ಇಲಾಖೆ 1997ರಿಂದ 2001ರವರೆಗೆ ಇಲ್ಲಿ ಅಗೆದು ನೋಡಿತು. ಹುಲ್ಲಿನ ಕೆಳಗಿನಿಂದ ಕೆಳದಿಯ ಕಾಲದ ಮತ್ತು ಮೈಸೂರಿನ ಕಾಲದ ಕಟ್ಟಡಗಳ ತಳಪಾಯಗಳು ಹೊರಬಂದವು, ನಾಣ್ಯಗಳೂ ಸಿಕ್ಕವು. ಅರಮನೆಯಿಲ್ಲದ ಬರೀ ಬಯಲು ಎಂದುಕೊಂಡ ಜಾಗದಲ್ಲಿ ಜನ ಬದುಕಿದ್ದರು, ಆಡಳಿತ ನಡೆಸಿದ್ದರು ಎಂಬುದಕ್ಕೆ ಅದು ಸಾಕ್ಷಿ. ಮೊಣಕಾಲೆತ್ತರದ ಆ ಗೋಡೆಗಳ ಮೇಲೆ ನಿಂತು ಫೋಟೊ ತೆಗೆಸಿಕೊಳ್ಳಬೇಡಿ.

ಹೀಗಿದ್ದೂ ಬೇಕಲ ಕೇರಳಕ್ಕೆ ಹೇಗೆ ಹೋಯಿತು?

ಬ್ರಿಟಿಷರ ಕಾಲದಲ್ಲಿ ಈ ಪ್ರದೇಶ ಮದ್ರಾಸ್ ಪ್ರಾಂತ್ಯದ ದಕ್ಷಿಣ ಕೆನರಾ ಜಿಲ್ಲೆಯಲ್ಲಿತ್ತು. ಕಾಸರಗೋಡು ತಾಲೂಕಿಗೆ ಹಿಂದೆ ಬೇಕಲ ತಾಲೂಕು ಎಂದೇ ಹೆಸರಿತ್ತು. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ತಾಲೂಕು ಕೇರಳಕ್ಕೆ ಸೇರಿತು. 1984ರ ಮೇ 24ರಂದು ಕಾಸರಗೋಡು ಪ್ರತ್ಯೇಕ ಜಿಲ್ಲೆಯಾಯಿತು. ಆ ವಿಂಗಡಣೆಯ ನೋವು ಕವಿ ಕಯ್ಯಾರ ಕಿಞ್ಞಣ್ಣ ರೈಗಳಂಥವರ ಬದುಕಿನುದ್ದಕ್ಕೂ ಉಳಿಯಿತು.

ಹೆಚ್ಚಿನವರು ಗಮನಿಸದ ಒಂದು ಸಂಗತಿ ಇದೆ. ರಾಜ್ಯಗಳ ಗಡಿ ವಿವಾದವನ್ನು ಪರಿಶೀಲಿಸಿದ ಮಹಾಜನ ಆಯೋಗ 1967ರಲ್ಲಿ ಕರ್ನಾಟಕಕ್ಕೆ ಕೊಡಬೇಕೆಂದು ಶಿಫಾರಸು ಮಾಡಿದ್ದು ಚಂದ್ರಗಿರಿ ಹೊಳೆಯ ಉತ್ತರದ ಭಾಗವನ್ನು. ಬೇಕಲ ಇರುವುದು ಆ ಹೊಳೆಯ ದಕ್ಷಿಣದಲ್ಲಿ. ಅಂದರೆ ಆ ವರದಿ ಜಾರಿಯಾಗಿದ್ದರೂ ಈ ಕೋಟೆ ಕೇರಳದಲ್ಲೇ ಇರುತ್ತಿತ್ತು. ತುಳುನಾಡಿನ ಎಲ್ಲೆ ಚಂದ್ರಗಿರಿ ಎಂಬುದು ಹಳೆಯ ನಂಬಿಕೆ. ಕೆಳದಿಯವರು ಆ ಎಲ್ಲೆ ದಾಟಿ ಮಲಯಾಳದ ನೆಲದಲ್ಲಿ ಕಾಲೂರಿದರು ಎಂಬುದೇ ಬೇಕಲದ ವಿಶೇಷ.

ಅಲ್ಲಿ ಕನ್ನಡ ನಡೆಯುತ್ತದೆಯೇ?

ಕಾಸರಗೋಡು ಪೇಟೆ, ಕುಂಬಳೆ, ಮಂಜೇಶ್ವರದಲ್ಲಿ ಧಾರಾಳವಾಗಿ. ಆ ಜಿಲ್ಲೆಯನ್ನು ಸಪ್ತಭಾಷಾ ಸಂಗಮ ಭೂಮಿ ಎನ್ನುತ್ತಾರೆ. ಬೇಕಲದ ಸುತ್ತ ಮಲಯಾಳವೇ ಹೆಚ್ಚು, ಆದರೂ ಕನ್ನಡ ಅರ್ಥವಾಗುವವರು ಸಿಗುತ್ತಾರೆ.

ಗೋಡೆಯ ಮೇಲೆ ಹೆಸರು ಕೊರೆದವರಿಗೆ ಶಿಕ್ಷೆಯೇ ಇಲ್ಲವೇ?

ಇದೆ. 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಗೆ 2010ರಲ್ಲಿ ತಿದ್ದುಪಡಿಯಾದ ಮೇಲೆ, ಸಂರಕ್ಷಿತ ಸ್ಮಾರಕಕ್ಕೆ ಹಾನಿ ಮಾಡಿದವರಿಗೆ ಎರಡು ವರ್ಷದವರೆಗೆ ಸೆರೆ ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು. ಸ್ಮಾರಕದ ಸುತ್ತ 100 ಮೀಟರ್ ಹೊಸ ಕಟ್ಟಡಕ್ಕೆ ನಿಷೇಧ, ಅದರಾಚೆಗಿನ 200 ಮೀಟರ್ ನಿಯಂತ್ರಿತ ವಲಯ. ಮುರಕಲ್ಲಿನ ಮೇಲೆ ಕೊರೆದ ಗೀರನ್ನು ತುಂಬಲು ಬರುವುದಿಲ್ಲ. ಅದು ನೀರು ಇಳಿಯಲು ಇನ್ನೊಂದು ಬಾಯಿಯಾಗುತ್ತದೆ.

ಒಂದು ದಿನ ಹೆಚ್ಚು ಇದ್ದರೆ ಇನ್ನೇನು ನೋಡಬಹುದು?

ಕೋಟೆಗಳನ್ನೇ ಹಿಡಿದು ಹೋಗಿ ಎನ್ನುತ್ತೇನೆ, ಏಕೆಂದರೆ ಬೇಕಲ ಒಂಟಿಯಲ್ಲ. ಉತ್ತರದಿಂದ ಬರುವಾಗ ಮೊದಲು ಕುಂಬಳೆಯ ಬಳಿ ಆರಿಕ್ಕಾಡಿ. ಯಕ್ಷಗಾನ ಪ್ರಸಂಗಗಳ ಪಾರ್ತಿಸುಬ್ಬನ ಊರು ಆ ಕುಂಬಳೆ. ಅದಕ್ಕೂ ಮೊದಲು ಮಂಜೇಶ್ವರದಲ್ಲಿ ಗೋವಿಂದ ಪೈಗಳ ಮನೆಯಿದೆ. ಕಾಸರಗೋಡು ದಾಟಿದೊಡನೆ ಹೊಳೆಯ ದಕ್ಷಿಣ ದಂಡೆಯ ಗುಡ್ಡದ ಮೇಲೆ ಚಂದ್ರಗಿರಿ ಕೋಟೆ. ಸಣ್ಣದು, ಜನ ಕಡಿಮೆ, ಹೊಳೆ ಮತ್ತು ಕಡಲು ಸೇರುವ ಜಾಗವನ್ನು ಅದು ಹೇಗೆ ಕಾಯುತ್ತಿತ್ತು ಎಂಬುದು ಒಂದೇ ನೋಟಕ್ಕೆ ತಿಳಿಯುತ್ತದೆ. ಬೇಕಲದ ಆಚೆ ಕಾಞಂಗಾಡಿನಲ್ಲಿ ಕೆಳದಿಯ ಸೋಮಶೇಖರ ನಾಯಕನ ಹೊಸದುರ್ಗ. ಅದರ ಬುರುಜುಗಳು ಪೇಟೆಯ ನಡುವೆ ಉಳಿದುಕೊಂಡಿವೆ, ಪಕ್ಕದಲ್ಲೇ ಗುಹೆಗಳಿರುವ ನಿತ್ಯಾನಂದಾಶ್ರಮ. ಆರಿಕ್ಕಾಡಿ, ಚಂದ್ರಗಿರಿ, ಬೇಕಲ, ಹೊಸದುರ್ಗ ಈ ನಾಲ್ಕನ್ನೂ ಒಂದೇ ದಿನದಲ್ಲಿ ನೋಡಬೇಕಾದರೆ ಬೆಳಿಗ್ಗೆ ಏಳಕ್ಕೆ ಮಂಗಳೂರು ಬಿಡಿ, ಬೇಕಲಕ್ಕಿಂತ ಮೊದಲು ಹೊಸದುರ್ಗವನ್ನು ಮುಗಿಸಿ, ಮಧ್ಯಾಹ್ನ ಮೂರರಿಂದ ಬಾಗಿಲು ಹಾಕುವವರೆಗಿನ ಹೊತ್ತನ್ನು ಬೇಕಲಕ್ಕೆ ಇಟ್ಟುಕೊಳ್ಳಿ. ಚಂದ್ರಗಿರಿ ಮತ್ತು ಆರಿಕ್ಕಾಡಿ ಹೋಗುವ ದಾರಿಯಲ್ಲೇ ಆಗಿಹೋಗಲಿ, ಮರಳುವಾಗ ಕತ್ತಲಾಗಿರುತ್ತದೆ.